ಸಹಾಯ ಬೇಕು: ಬೆಂಗಳೂರಲ್ಲಿ ಪರಾಗದ ಲೆಕ್ಕ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಮಳೆ ಬಿದ್ದರೆ ಸಾಕು, ನಮ್ಮ ಮನೆ ಪಕ್ಕದ ಖಾಲಿ ಸೈಟ್ ತುಂಬಾ ಕಾಂಗ್ರೆಸ್ ಗಿಡ. ಅದು ಬಿಳಿ ಹೂ ಬಿಟ್ಟಾಗ ಮಗಳಿಗೆ ಬೆಳಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ತುರಿಕೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ, ಅದರ ಬಗ್ಗೆ ಕೇಳುತ್ತಿಲ್ಲ.

ಸಮೀರ್ ಆ್ಯಪ್‌ನಲ್ಲಿ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ದಿನಾ ನೋಡುತ್ತೇನೆ. ಅದರಲ್ಲಿ ಪಿಎಂ 2.5, ಪಿಎಂ 10 ಅನ್ನುವ ಸಣ್ಣ ಕಣಗಳು, ಓಝೋನ್ ಎಲ್ಲ ಸೇರುತ್ತದೆ, ಪರಾಗ ಮಾತ್ರ ಇಲ್ಲ. ಹಸಿರು ತೋರಿಸಿದ ದಿನವೂ ಇವಳು ಸೀನುತ್ತಲೇ ಇರುತ್ತಾಳೆ! ಫೋನಿನ ಹವಾಮಾನ ಆ್ಯಪ್ ಕೊಡುವ ಪರಾಗದ ಲೆಕ್ಕ ಬರೀ ಅಂದಾಜು. ಪಕ್ಕದ ಸೈಟಿನ ಕಥೆ ಅದಕ್ಕೇನು ಗೊತ್ತು, ಅಲ್ವಾ?

ಇಲ್ಲಿ ಯಾರಾದರೂ ನಿಜವಾಗಿ ಪರಾಗ ಎಣಿಸಿ ದಿನಾ ಹೇಳುತ್ತಾರಾ? ಇಲ್ಲದಿದ್ದರೆ ನೀವೇ ಡೈರಿ ಇಡುವವರು ಏನೇನು ಬರೆದುಕೊಳ್ಳುತ್ತೀರಿ? ಗಾಳಿ, ಮಳೆ, ಕಿಟಕಿ ತೆರೆದ ಹೊತ್ತು? ಹೂ ಬಿಡುವ ಮೊದಲೇ ಗಿಡ ಕೀಳಿಸಿದವರಿದ್ದರೆ, ಯಾರಿಗೆ ಹೇಳಿ ಕೆಲಸ ಆಯಿತು ತಿಳಿಸಿ.