ತುರಿಕೆಯ ಮಾತ್ರೆ ಓಕ್ಲಾಸಿಟಿನಿಬ್ ದಿನಕ್ಕೆ ಒಂದು ಸಲಕ್ಕೆ ಇಳಿಸಿದ ಕೂಡಲೇ ನಾಯಿಗೆ ತುರಿಕೆ ವಾಪಸ್. ಏನು ಮಾಡಲಿ?

ತೋರಣಗಲ್ಲು_ಕರಿಯ:
ಎಲ್ಲರಿಗೂ ನಮಸ್ಕಾರ. ಕರಿಯ ನಮ್ಮ ಬೀದಿಯಲ್ಲೇ ಸಿಕ್ಕ ನಾಟಿ ನಾಯಿ. ಮೂರು ವರ್ಷ, 18 ಕೆಜಿ. ಯುಗಾದಿ ಆದಮೇಲೆ ಕೆರೆದುಕೊಳ್ಳೋಕೆ ಶುರು ಮಾಡಿದ. ರಾತ್ರಿ ಎರಡು ಗಂಟೆಗೂ ಕಾಲು ನೆಲಕ್ಕೆ ಬಡಿಯುವ ಸದ್ದು, ಟಕ್ ಟಕ್ ಟಕ್. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಮೊದಲು ಮೆಡಿಕಲ್ ಶಾಪಿನವರ ಮಾತು ಕೇಳಿ ಅಲರ್ಜಿ ಮಾತ್ರೆ ಸಿಟ್ರಿಜಿನ್ ಕೊಟ್ಟೆ. ಸುಮ್ನೆ ಸ್ವಲ್ಪ ತೂಕಡಿಸಿದ, ಅಷ್ಟೇ. ಆಮೇಲೆ ಡಾಕ್ಟರು ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಬರೆದರು. ಎರಡೇ ದಿನಕ್ಕೆ ತುರಿಕೆ ನಿಂತಿತು. ಆದರೆ ಬಕೆಟ್ಟುಗಟ್ಟಲೆ ನೀರು ಕುಡಿದು ಹಾಲ್‌ನಲ್ಲೇ ಉಚ್ಚೆ! ಕೋರ್ಸ್ ಮುಗಿದು ವಾರಕ್ಕೆ ಮತ್ತೆ ಮೊದಲಿನ ಹಾಗೇ.

ಈಗ ಓಕ್ಲಾಸಿಟಿನಿಬ್. 16 ಎಂಜಿ ಮಾತ್ರೆಯಲ್ಲಿ ಅರ್ಧ, ದಿನಕ್ಕೆ ಎರಡು ಸಲ, 14 ದಿನ. ಮೊದಲ ದಿನ ಸಂಜೆಗೇ ಕಾಲು ಚಾಚಿ ಮಲಗಿದ. 15ನೇ ದಿನದಿಂದ ಒಂದೇ ಸಲ ಕೊಡಿ ಅಂದರು. ಮೂರು ದಿನ ಆಗಿಲ್ಲ, ಮತ್ತೆ ಟಕ್ ಟಕ್. ಎರಡು ಸಲವೇ ಮುಂದುವರಿಸಲಾ? ಪ್ರೆಡ್ನಿಸೊಲೋನ್ ಐದಾರು ಮಾತ್ರೆ ಉಳಿದಿವೆ. ಜೊತೆಗೆ ಕೊಡಬಹುದಾ?

ಸಿಂಧನೂರು_ಗದ್ದೆ:
ಅಣ್ಣಾ, ಇಷ್ಟೆಲ್ಲಾ ಖರ್ಚು ಯಾಕೆ? ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಹಚ್ಚಿ ಬಿಸಿಲಿಗೆ ಕಟ್ಟಿ. ನಮ್ಮ ಅಜ್ಜ ಎತ್ತಿಗೂ ಅದನ್ನೇ ಹಚ್ಚುತ್ತಿದ್ದ.

ರಾಯಚೂರು_ಪಶುವೈದ್ಯ:
ಸಿಂಧನೂರಿನವರೇ, ದಯವಿಟ್ಟು ಬೇಡ್ರಿ. ನಾಯಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೆ ಹೋಗುತ್ತದೆ, ಚರ್ಮವೂ ಸುಡುತ್ತದೆ. ಆಯಿಲ್ ಮೆತ್ತಿ ನಮ್ಮ ಬಿಸಿಲಿಗೆ ಕಟ್ಟಿದರೆ ತುರಿಕೆ ನೋಡೋಕೆ ನಾಯಿಯೇ ಉಳಿಯೋದಿಲ್ಲ.

ಕರಿಯನ ಮಾಲೀಕರೇ, ನಿಮ್ಮ ಡಾಕ್ಟರ ಲೆಕ್ಕ ಸರಿಯಾಗಿದೆ. ಕೆಜಿಗೆ 0.4ರಿಂದ 0.6 ಎಂಜಿ ಕೊಡಬೇಕು. 18 ಕೆಜಿಗೆ 8 ಎಂಜಿ, ಅಂದರೆ 16ರಲ್ಲಿ ಅರ್ಧ. ಈ ಮಾತ್ರೆ ತುರಿಕೆಯ ಸುದ್ದಿ ಮುಟ್ಟಿಸುವ ಜೇಕ್-1 ಅನ್ನೋ ಕಿಣ್ವಕ್ಕೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಕೆಲವೇ ಗಂಟೆಯಲ್ಲಿ ಆರಾಮ. ಆದರೆ ಮೈಯಿಂದ ಬೇಗ ಹೊರಟೂ ಹೋಗುತ್ತದೆ. ಒಂದು ಸಲಕ್ಕೆ ಇಳಿಸಿದಾಗ ತುರಿಕೆ ಮರುಕಳಿಸೋದು ಎಷ್ಟೋ ನಾಯಿಗಳಲ್ಲಿ ಇದ್ದದ್ದೇ.

ಹಾಗಂತ ನೀವೇ ಎರಡು ಸಲ ಮುಂದುವರಿಸಬೇಡಿ. ಆ ಕಿಣ್ವದ ಬಳಗ ರೋಗ ತಡೆಯೋಕೂ ಬೇಕು. ಜಾಸ್ತಿ ಅದುಮಿದರೆ ಸೋಂಕು, ಡೆಮೊಡೆಕ್ಸ್ ಅನ್ನೋ ಹುಳದ ಕಜ್ಜಿ ತಲೆ ಎತ್ತುತ್ತವೆ. ಒಂದು ವರ್ಷದೊಳಗಿನ ಮರಿಗೆ ಈ ಮಾತ್ರೆ ಕೊಡೋದೇ ಇಲ್ಲ. ಪ್ರೆಡ್ನಿಸೊಲೋನ್ ಕೂಡ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ, ಎರಡನ್ನೂ ಒಟ್ಟಿಗೆ ಸ್ವಂತ ಬುದ್ಧಿಯಿಂದ ಕೊಡಬಾರದು. ಇನ್ನೊಂದು ಮಾತು: ನೆಗಡಿಗೆ ಅಂತ ಸೂಡೊಎಫೆಡ್ರಿನ್ ಸೇರಿಸಿದ ಸಿಟ್ರಿಜಿನ್ ಬರುತ್ತದೆ. ನಾಯಿಗೆ ಅದು ವಿಷ.

ಈಗ ನನ್ನ ಪ್ರಶ್ನೆ. ಮೈಯಲ್ಲಿ ಎಲ್ಲಿ ಕೆರೆದುಕೊಳ್ಳುತ್ತಾನೆ?

ತೋರಣಗಲ್ಲು_ಕರಿಯ:
ಬಾಲದ ಬುಡ, ಸೊಂಟ, ಹಿಂದಿನ ತೊಡೆ. ಮೆಕ್ಕೆಜೋಳದ ತೆನೆ ಕಡಿದ ಹಾಗೆ ಮುಂದಿನ ಹಲ್ಲಲ್ಲಿ ಕಚಕಚ ಕಡಿಯುತ್ತಾನೆ. ಅಲ್ಲಿ ಅಂಗೈಯಗಲ ಕೂದಲು ಉದುರಿದೆ. ಡಾಕ್ಟರು ಚರ್ಮ ಕೆರೆದು ನೋಡಿದ್ದಾರೆ, ಕಜ್ಜಿ ಹುಳ ಇಲ್ಲ ಅಂದರು. ನಮ್ಮೂರ ಕಬ್ಬಿಣದ ಅದಿರಿನ ಧೂಳಿನ ಅಲರ್ಜಿ ಇರಬಹುದು ಅಂತ ನನ್ನ ಅನುಮಾನ. ದಿನಾ ಎರಡು ಸಲ ಅಂಗಳ ಗುಡಿಸಿದರೂ ಕೆಂಪು.

ರಾಯಚೂರು_ಪಶುವೈದ್ಯ:
ಧೂಳಿಗೆ ಆಮೇಲೆ ಬರೋಣ. ಧೂಳು, ಹೂವಿನ ಪರಾಗದ ಅಲರ್ಜಿ ಸಾಮಾನ್ಯವಾಗಿ ಪಾದ, ಕಿವಿ, ಕಂಕುಳು, ಹೊಟ್ಟೆ ಹಿಡಿಯುತ್ತದೆ. ಬಾಲದ ಬುಡ ಅಂದರೆ ನನಗೆ ಮೊದಲು ಚಿಗಟದ ಮೇಲೇ ಅನುಮಾನ.

ತೋರಣಗಲ್ಲು_ಕರಿಯ:
ಸರ್, ಒಂದು ಚಿಗಟವೂ ಕಂಡಿಲ್ಲ. ಅದೂ ಈ ಬಿಸಿಲಲ್ಲಿ? ಇಲ್ಲಿ 41 ಡಿಗ್ರಿ ಇದೆ!

ರಾಯಚೂರು_ಪಶುವೈದ್ಯ:
ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತವೇ ಸಾಕು. ಕಚ್ಚಿದ ಚಿಗಟವನ್ನು ಅದೇ ನೆಕ್ಕಿ ನುಂಗಿಬಿಡುತ್ತದೆ. ಮೇಲಾಗಿ ಕಪ್ಪು ನಾಯಿ, ಎಲ್ಲಿ ಕಾಣಬೇಕು?

ಹೇನಿನ ಹಣಿಗೆ ತಗೊಳ್ಳಿ. ಬಾಲದ ಬುಡದಲ್ಲಿ ಬಾಚಿ, ಬಂದದ್ದನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಕೊಡವಿ. ಚಿಗಟದ ಹಿಕ್ಕೆ ಕರಿಮೆಣಸಿನ ಪುಡಿಯ ಹಾಗೆ ಇರುತ್ತದೆ. ಅದು ಜೀರ್ಣವಾದ ರಕ್ತ. ನಿಮ್ಮೂರಲ್ಲಿ ಧೂಳೇ ಕೆಂಪು, ಮೋಸ ಹೋಗಬೇಡಿ. ಧೂಳು ಬಿದ್ದ ಕ್ಷಣವೇ ಕೆಂಪಾಗಿರುತ್ತದೆ. ಹಿಕ್ಕೆ ಕಪ್ಪಗೆ ಬಿದ್ದು, ಒಂದೆರಡು ನಿಮಿಷ ಕಳೆದ ಮೇಲೆ ಸುತ್ತ ಕೆಂಪು ಬಿಡುತ್ತದೆ. ಹಾಗೇ ಅವನು ಎಲ್ಲಿ ಮಲಗುತ್ತಾನೆ ಹೇಳಿ.

ತೋರಣಗಲ್ಲು_ಕರಿಯ:
ಸರ್, ನಮ್ಮಮ್ಮನ ಬಿಳಿ ಟವೆಲ್ ಹಾಳಾಯಿತು. ಮೊದಲು ಎಲ್ಲ ಧೂಳು ಅಂದುಕೊಂಡೆ. ಚಹಾ ಕುಡಿದು ಬಂದು ನೋಡಿದರೆ ಏಳೆಂಟು ಕರಿ ಕಾಳಿನ ಸುತ್ತ ಕಂದುಗೆಂಪು ಉಂಗುರ!

ಮಲಗೋದು ಕೂಲರ್ ಹಿಂದೆ, ಗೋಣಿಚೀಲದ ಮೇಲೆ. ಕೂಲರ್ ಸೋರುತ್ತದೆ, ಚೀಲ ಯಾವಾಗಲೂ ಹಸಿ. ಅವನಿಗೆ ಅದೇ ಸ್ವರ್ಗ.

ರಾಯಚೂರು_ಪಶುವೈದ್ಯ:
ಚಿಗಟಕ್ಕೂ ಅದೇ ಸ್ವರ್ಗ ರೀ. ಹೊರಗಿನ ಒಣ ಬಿಸಿಲಲ್ಲಿ ಅದರ ಮರಿಹುಳ ಸಾಯುತ್ತದೆ. ಅದಕ್ಕೆ ತೇವ, ನೆರಳು, ತಂಪು ಬೇಕು. ಮೂರನ್ನೂ ನೀವೇ ಮಾಡಿಕೊಟ್ಟಿದ್ದೀರಿ.

ನಿಮ್ಮ ಡಾಕ್ಟರ ಹತ್ತಿರ ಚಿಗಟದ ಮದ್ದು ಫ್ಲುರಾಲಾನರ್ ಬಗ್ಗೆ ಕೇಳಿ. 10ರಿಂದ 20 ಕೆಜಿ ತೂಕಕ್ಕೆ 500 ಎಂಜಿಯ ಒಂದು ಮಾತ್ರೆ, ಊಟದ ಜೊತೆ. ಚಿಗಟಕ್ಕೆ 12 ವಾರ ಕೆಲಸ ಮಾಡುತ್ತದೆ, ಉಣ್ಣೆ ಹುಳಕ್ಕೂ ಆಗುತ್ತದೆ. ಕರಿಯನಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿಬಿಡಿ. ಮನೆಯಲ್ಲಿ ಬೇರೆ ನಾಯಿ ಇದ್ದರೆ ಅದಕ್ಕೂ ಮದ್ದು ಆಗಬೇಕು. ಚೀಲ ಸುಟ್ಟುಹಾಕಿ. ಕೂಲರ್ ರಿಪೇರಿ ಮಾಡಿಸಿ, ಆ ಮೂಲೆ ತೊಳೆದು ಒಣಗಿಸಿ. ಗೋಡೆ ಸಂದಿಯ ಗೂಡುಗಳಿಂದ ಇನ್ನೂ ಕೆಲವು ವಾರ ಹೊಸ ಚಿಗಟ ಹೊರಬರುತ್ತಲೇ ಇರುತ್ತವೆ. ಮಾತ್ರೆ ಫೇಲ್ ಆಯಿತು ಅಂದುಕೊಳ್ಳಬೇಡಿ. ಅಲ್ಲಿಯವರೆಗೆ ಓಕ್ಲಾಸಿಟಿನಿಬ್ ದಿನಕ್ಕೆ ಒಂದೇ ಸಲ ಇರಲಿ, ಯಾವಾಗ ನಿಲ್ಲಿಸೋದು ಅಂತ ಅವರೇ ನೋಡಿ ಹೇಳಲಿ.

ಸಿಂಧನೂರು_ಗದ್ದೆ:
ನಮ್ಮ ನಾಯಿನೂ ಕೂಲರ್ ಹಿಂದೇನೇ ಮಲಗೋದು. ಈಗಲೇ ಹಣಿಗೆ ಹುಡುಕುತ್ತೀನಿ.

ತೋರಣಗಲ್ಲು_ಕರಿಯ (ಆರು ವಾರದ ನಂತರ):
ಮೊದಲ ಎರಡು ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ನಿಮ್ಮನ್ನು ಮನಸ್ಸಲ್ಲೇ ಬೈದುಕೊಂಡೆ ಸರ್, ಕ್ಷಮಿಸಿ. ನಾಲ್ಕನೇ ವಾರಕ್ಕೆ ಟಕ್ ಟಕ್ ನಿಂತಿತು. ಓಕ್ಲಾಸಿಟಿನಿಬ್ ನಿಲ್ಲಿಸಿ ಹತ್ತು ದಿನ ಆಯಿತು. ಬಾಲದ ಬುಡದಲ್ಲಿ ಕೂದಲು ವೆಲ್ವೆಟ್ ಹಾಗೆ ಬರುತ್ತಿದೆ. ಕಿವಿ ಮಾತ್ರ ಆಗಾಗ ಕೆರೆದುಕೊಳ್ಳುತ್ತಾನೆ.

ಒಂದು ಕೊನೆ ಪ್ರಶ್ನೆ. ಪಕ್ಕದ ಮನೆ ಬೆಕ್ಕು ನಮ್ಮ ಅಂಗಳದಲ್ಲೇ ಬಿದ್ದಿರುತ್ತದೆ. ಚಿಗಟಕ್ಕೆ ಅಂತ ನಾಯಿಯ ಬೆನ್ನಿಗೆ ಬಿಡುವ ಪರ್ಮೆಥ್ರಿನ್ ಡ್ರಾಪ್ಸ್ ಅಂಗಡಿಯಲ್ಲಿದೆ, ಅದನ್ನೇ ಬೆಕ್ಕಿಗೂ ಹಾಕಲಾ?

ರಾಯಚೂರು_ಪಶುವೈದ್ಯ:
ಬೇಡವೇ ಬೇಡ! ಪರ್ಮೆಥ್ರಿನ್ ಬೆಕ್ಕಿನ ಜೀವವನ್ನೇ ತೆಗೆಯಬಹುದು. ಬೆಕ್ಕಿಗೆ ಅಂತಲೇ ಬರೆದ ಮದ್ದು ಬೇರೆ ಇದೆ, ಪಕ್ಕದ ಮನೆಯವರಿಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಕೆ ಹೇಳಿ. ಕರಿಯನ ಕಿವಿ ಒಳಗಿನ ಫೋಟೋ ಹಾಕಿ. ವಾಸನೆ ಇದೆಯಾ?