ಫು ಮಿ ಬಂದರಿನಿಂದ ಮೆಕಾಂಗ್ ಡೆಲ್ಟಾಗೆ ಒಂದು ದಿನದ ಪ್ರೈವೇಟ್ ಟೂರ್: ವಯಸ್ಸಾದ ಅಪ್ಪ ಅಮ್ಮನ ಜೊತೆ ಆಗುತ್ತಾ?

ತೋಟದಮನೆ, ಸಿದ್ದಾಪುರ:

ಎಲ್ಲರಿಗೂ ನಮಸ್ಕಾರ. ಹುತ್ತರಿ ಮುಗಿದು ರೋಬಸ್ಟಾ ಕೊಯ್ಲು ಶುರುವಾಗುವ ಮೊದಲು ಸ್ವಲ್ಪ ದಿನ ಬಿಡುವು ಸಿಗುತ್ತಲ್ಲ, ಆಗ ಅಪ್ಪ ಅಮ್ಮನನ್ನು ಕರೆದುಕೊಂಡು ಸಿಂಗಾಪುರದಿಂದ ಹೊರಡುವ ಒಂದು ಕ್ರೂಸ್‌ಗೆ ಹೋಗುತ್ತಿದ್ದೇವೆ. ನಾನು, ನನ್ನ ಯಜಮಾನರು, ಮಗ, ಅಪ್ಪ, ಅಮ್ಮ. ಹಡಗು ವಿಯೆಟ್ನಾಂನ ಫು ಮಿ ಬಂದರಿನಲ್ಲಿ ಒಂದು ಹಗಲು ನಿಲ್ಲುತ್ತದೆ. ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಏಳಕ್ಕೆ ಹೊರಡುತ್ತದೆ ಅಂತ ಟಿಕೆಟ್‌ನಲ್ಲಿದೆ.

ಎಲ್ಲರೂ ಸೈಗಾನ್ ಸಿಟಿ ನೋಡಿ ಅಂತಾರೆ. ಆದರೆ ಅಪ್ಪನಿಗೆ ಸಿಟಿ ಬೇಡ. ತೀರ್ಥೋದ್ಭವಕ್ಕೆ ತಪ್ಪದೆ ತಲಕಾವೇರಿಗೆ ಹೋಗುವ ಮನುಷ್ಯ ಅವರು, ನದಿ ಹುಟ್ಟೋದನ್ನ ಜೀವಮಾನವೆಲ್ಲ ನೋಡಿದ್ದೇನೆ, ಒಂದು ದೊಡ್ಡ ನದಿ ಕವಲೊಡೆದು ಸಮುದ್ರ ಸೇರೋ ಜಾಗ ನೋಡಬೇಕು ಅಂತ ಪಟ್ಟು ಹಿಡಿದಿದ್ದಾರೆ. ಹಾಗಾಗಿ ಮೆಕಾಂಗ್ ಡೆಲ್ಟಾ.

ಹಡಗಿನವರದೇ ಟೂರ್ ಇದೆ, ದೊಡ್ಡ ಬಸ್, ತಲೆಗಿಷ್ಟು ಅಂತ ದುಡ್ಡು. ಐದು ಜನಕ್ಕೆ ಲೆಕ್ಕ ಹಾಕಿದರೆ ಜಾಸ್ತಿಯೇ ಆಗುತ್ತದೆ. ಹೊರಗಿನ ಏಜೆನ್ಸಿಗಳು ಒಂದು ವ್ಯಾನ್, ಗೈಡ್, ದೋಣಿ ಎಲ್ಲ ಸೇರಿಸಿ ನಮಗೊಬ್ಬರಿಗೇ ಮಾಡಿಕೊಡುತ್ತೇವೆ ಅನ್ನುತ್ತಾರೆ. ಇದನ್ನು ನಂಬಬಹುದಾ? ಸಮಯ ಸಾಕಾಗುತ್ತಾ? ಅಮ್ಮನಿಗೆ ಮಂಡಿ ನೋವು, ದೋಣಿ ಹತ್ತಿ ಇಳಿಯೋದು ಹೇಗೆ ಅನ್ನೋದೇ ನನ್ನ ದೊಡ್ಡ ಚಿಂತೆ. ಜೊತೆಗೆ ಅವರು ಮೀನು ಮಾಂಸ ಮುಟ್ಟಲ್ಲ. ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ.

ಗಾಳಿಬೀಡು ಮಳೆ:

ಅಕ್ಕ, ನಾವು ಅತ್ತೆ ಮಾವನ ಜೊತೆ ಹೋಗಿದ್ದೆವು, ಪ್ರೈವೇಟ್ ಆಗಿಯೇ. ಆಗುತ್ತದೆ. ಆದರೆ ಮೊದಲು ಒಂದು ಪೇಪರ್ ತೆಗೆದುಕೊಂಡು ಗಂಟೆಗಳ ಲೆಕ್ಕ ಬರೆಯಿರಿ. ಆ ಲೆಕ್ಕ ಕೂಡಿದರೆ ಮಾತ್ರ ದುಡ್ಡು ಕಟ್ಟಿ.

ಫು ಮಿ ಅಂದರೆ ಸೈಗಾನ್ ಅಲ್ಲವೇ ಅಲ್ಲ. ಅದು ಕಂಟೇನರ್, ಸರಕು ಇಳಿಸುವ ಬಂದರು, ಸಿಟಿಯಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರ. ನೀವು ನೋಡಬೇಕೆಂದಿರುವ ಡೆಲ್ಟಾದ ಊರು, ಮಿ ಥೊ, ಸಿಟಿಯ ಇನ್ನೊಂದು ಮಗ್ಗುಲಲ್ಲಿ ಮತ್ತೆ ಎಪ್ಪತ್ತು ಕಿಲೋಮೀಟರ್. ಸಿಟಿ ದಾಟಿಕೊಂಡೇ ಹೋಗಬೇಕು. ಎರಡೂ ಕಡೆ ಎಕ್ಸ್‌ಪ್ರೆಸ್‌ವೇ ಇದೆ, ರಸ್ತೆ ಚೆನ್ನಾಗಿದೆ, ಆದರೂ ಒಂದು ಕಡೆಗೆ ಎರಡೂವರೆಯಿಂದ ಮೂರು ಗಂಟೆ ಅಂತಲೇ ಇಟ್ಟುಕೊಳ್ಳಿ.

ಈಗ ನೋಡಿ. ಹಡಗು ಏಳಕ್ಕೆ ಬಂದರೂ ಪೇಪರ್ ಕೆಲಸ ಮುಗಿದು ಜನ ಇಳಿಯುವಾಗ ಎಂಟು ಆಗಬಹುದು. ಮಿ ಥೊ ತಲುಪುವಾಗ ಹನ್ನೊಂದರ ಹತ್ತಿರ. ಸಂಜೆ ಏಳಕ್ಕೆ ಹಡಗು ಹೊರಡೋದು ಅಂದರೆ ನಿಮ್ಮನ್ನು ಆರಕ್ಕೋ ಆರೂವರೆಗೋ ಒಳಗೆ ಬರಲು ಹೇಳುತ್ತಾರೆ, ಅದೇ ಆಲ್ ಅಬೋರ್ಡ್ ಟೈಮ್. ಅದಕ್ಕೂ ಒಂದು ಗಂಟೆ ಮೊದಲೇ ಬಂದರಿನಲ್ಲಿರಬೇಕು ಅಂದುಕೊಂಡರೆ ಎರಡು ಗಂಟೆಗೆ ಡೆಲ್ಟಾ ಬಿಡಲೇಬೇಕು. ಹನ್ನೆರಡು ಗಂಟೆಯ ದಿನದಲ್ಲಿ ನದಿಗೆ ಸಿಗೋದು ಮೂರೇ ಗಂಟೆ. ಆ ಮೂರು ಗಂಟೆ ತುಂಬಾ ಚೆನ್ನಾಗಿರುತ್ತದೆ, ಅದು ಬೇರೆ ವಿಷಯ.

ಇನ್ನೊಂದು, ಇದನ್ನು ಯಾರೂ ಹೇಳಲ್ಲ. ಸಿಂಗಾಪುರದ ಸಮಯ ವಿಯೆಟ್ನಾಂಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ದಾರಿಯಲ್ಲಿ ಗಡಿಯಾರ ಬದಲಾಯಿಸುತ್ತವೆ, ಕೆಲವು ಬದಲಾಯಿಸುವುದಿಲ್ಲ. ನಿಮ್ಮ ಫೋನ್ ದಡಕ್ಕೆ ಬಂದ ತಕ್ಷಣ ತಾನಾಗಿಯೇ ವಿಯೆಟ್ನಾಂ ಸಮಯಕ್ಕೆ ತಿರುಗುತ್ತದೆ. ಹಡಗು ಹಳೆ ಸಮಯದಲ್ಲೇ ಇದ್ದರೆ ಫೋನ್‌ನಲ್ಲಿ ಐದು ಆದಾಗ ಅಲ್ಲಿ ಆರು ಆಗಿರುತ್ತದೆ! ಹಿಂದಿನ ರಾತ್ರಿ ರೂಮಿಗೆ ಕೊಡುವ ಹಾಳೆಯಲ್ಲಿ ಯಾವ ಸಮಯ ಅಂತ ಓದಿ, ಯಜಮಾನರ ಕೈಗಡಿಯಾರವನ್ನು ಅದಕ್ಕೇ ಇಟ್ಟುಬಿಡಿ, ಗೈಡ್‌ಗೂ ತೋರಿಸಿ.

ಯಾರಾದರೂ ಕಾನ್ ಥೊ ತೇಲುವ ಸಂತೆ ತೋರಿಸುತ್ತೇವೆ ಅಂದರೆ ಬೇಡ ಅನ್ನಿ. ಅದು ಸೈಗಾನ್‌ನಿಂದಲೇ ಇನ್ನೂ ನೂರೈವತ್ತು ಕಿಲೋಮೀಟರ್ ಮೇಲೆ, ಮೇಲಾಗಿ ಸಂತೆ ಇರೋದೇ ಬೆಳಗಿನ ಜಾವ. ಹಡಗಿನಿಂದ ಇಳಿದು ಅಲ್ಲಿಗೆ ಹೋಗುವಾಗ ವ್ಯಾಪಾರ ಮುಗಿದಿರುತ್ತದೆ.

ಕುಶಾಲನಗರ ಸಾರ್:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ವಯಸ್ಸಾದವರು ಇದ್ದಾರೆ ಅಂದರೆ ಹಡಗಿನವರ ಟೂರೇ ಒಳ್ಳೆಯದು. ಅವರ ಬಸ್ ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಊರಿಗೆ ಸೇರಿಸುವ ಜವಾಬ್ದಾರಿ ಅವರದ್ದು. ನಿಮ್ಮ ವ್ಯಾನ್ ಸೈಗಾನ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಯಾರೂ ಕಾಯಲ್ಲ. ಐದು ಜನ ಬಂದರಿನಲ್ಲಿ ನಿಂತು, ಹೋಟೆಲ್ ಹುಡುಕಿ, ವಿಮಾನ ಹಿಡಿದು ಮುಂದಿನ ಬಂದರಿಗೆ ಹೋಗಬೇಕು. ಅಪ್ಪ ಅಮ್ಮನ ಮಾತ್ರೆ ಎಲ್ಲ ಹಡಗಿನ ರೂಮಿನಲ್ಲೇ ಉಳಿದಿರುತ್ತದೆ. ಅದನ್ನು ಯೋಚನೆ ಮಾಡಿ.

ಪ್ರೈವೇಟೇ ಅಂತಾದರೆ ಬಿ.ಪಿ., ಶುಗರ್ ಮಾತ್ರೆ ಎರಡು ದಿನದ್ದು ಕೈಚೀಲದಲ್ಲೇ ಇರಲಿ. ಪಾಸ್‌ಪೋರ್ಟ್ ಹಡಗಿನವರು ಇಟ್ಟುಕೊಂಡಿದ್ದರೆ ಅದರ ಜೆರಾಕ್ಸ್, ಫೋನಿನಲ್ಲಿ ಫೋಟೊ. ಬಂದರಿನ ಏಜೆಂಟ್ ನಂಬರ್ ಆ ದಿನದ ಹಾಳೆಯಲ್ಲೇ ಅಚ್ಚಾಗಿರುತ್ತದೆ, ಹಾಳೆ ಹರಿದು ಜೇಬಿಗೆ ಹಾಕಿಕೊಳ್ಳಿ.

ವೀಸಾ ಮರೆಯಬೇಡಿ. ನಮ್ಮ ಪಾಸ್‌ಪೋರ್ಟ್‌ಗೆ ವಿಯೆಟ್ನಾಂ ಇ-ವೀಸಾ ಬೇಕು. ಒಂದು ಸಲ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಾರೆ. ಸರ್ಕಾರದ ವೆಬ್‌ಸೈಟ್‌ನಲ್ಲೇ ಹಾಕಿ, ಅದರ ಹಾಗೇ ಕಾಣುವ ಏಜೆಂಟ್ ಸೈಟ್‌ಗಳು ಬೇಕಾದಷ್ಟಿವೆ. ಅರ್ಜಿಯಲ್ಲಿ ಯಾವ ಬಂದರಿನಿಂದ ಒಳಗೆ ಬರುತ್ತೀರಿ ಅಂತ ಕೇಳುತ್ತಾರೆ, ಅದಕ್ಕೆ ಏನು ಬರೆಯಬೇಕು ಅಂತ ಕ್ರೂಸ್ ಕಂಪನಿಗೆ ಮೇಲ್ ಹಾಕಿ ಲಿಖಿತವಾಗಿ ತರಿಸಿಕೊಳ್ಳಿ. ಸಿಂಗಾಪುರಕ್ಕೆ ವಾಪಸ್ ಬಂದು ಇಳಿಯೋದಾದರೆ ಆ ವೀಸಾದಲ್ಲೂ ಎರಡನೇ ಸಲದ ಪ್ರವೇಶ ಇದೆಯಾ ನೋಡಿ.

ಗಾಳಿಬೀಡು ಮಳೆ:

ಸಾರ್ ಹೇಳಿದ್ದು ಸರಿಯೇ, ಹಡಗು ಕಾಯಲ್ಲ. ಆದರೂ ನಾನು ಪ್ರೈವೇಟ್ ಕಡೆಗೇ. ದೊಡ್ಡ ಬಸ್‌ನಲ್ಲಿ ನಲವತ್ತು ಜನ ಇಳಿದು, ನಲವತ್ತು ಜನ ಶೌಚಾಲಯಕ್ಕೆ ಹೋಗಿ, ನಲವತ್ತು ಜನ ಹತ್ತುವವರೆಗೆ ಕಾದು, ಗೈಡ್ ಬಾವುಟ ಹಿಡಿದು ಓಡುವಾಗ ಮಂಡಿ ನೋವಿನವರು ಕೊನೆಯಲ್ಲಿ ಉಳಿಯುತ್ತಾರೆ. ವಯಸ್ಸಾದವರಿಗೆ ಅದು ಹೆಚ್ಚು ಕಷ್ಟ. ನಮ್ಮ ವ್ಯಾನ್ ಆದರೆ ಅಮ್ಮ ಸಾಕು ಅಂದಾಗ ಸಾಕು. ಅಪ್ಪ ದೋಣಿಯಲ್ಲೇ ಇನ್ನೂ ಅರ್ಧ ಗಂಟೆ ಇರೋಣ ಅಂದರೆ ಒಂದು ಅಂಗಡಿ ಬಿಟ್ಟುಬಿಡಬಹುದು. ಮೂರು ಗಂಟೆಯನ್ನು ನಮಗೆ ಬೇಕಾದ ಹಾಗೆ ಖರ್ಚು ಮಾಡೋ ಸ್ವಾತಂತ್ರ್ಯಕ್ಕೇ ನಾವು ದುಡ್ಡು ಕೊಡೋದು.

ಏಜೆನ್ಸಿಗೆ ಮೊದಲೇ ಕೇಳಬೇಕಾದ್ದು ಹೇಳುತ್ತೇನೆ. ಹಡಗು ಗಾಳಿ ಮಳೆಯಿಂದ ಆ ಬಂದರಿಗೆ ಬರಲೇ ಇಲ್ಲ ಅಂದರೆ ಮುಂಗಡ ವಾಪಸ್ ಕೊಡ್ತೀರಾ? ವ್ಯಾನ್ ಹಡಗಿನ ಹತ್ತಿರವೇ ಬರುತ್ತಾ, ಇಲ್ಲ ಗೇಟಿನ ಹೊರಗೆ ನಿಲ್ಲುತ್ತಾ? ಬಂದರಿನ ಒಳಗೆ ನಡೆದಾಡಲು ಬಿಡಲ್ಲ, ಗೇಟಿನವರೆಗೆ ಶಟಲ್ ಹಿಡಿಯಬೇಕಾದರೆ ಅದಕ್ಕೂ ಸಮಯ ಸೇರಿಸಬೇಕು. ಆಮೇಲೆ, ಇಡೀ ವ್ಯಾನ್‌ಗೆ ಇಷ್ಟು ಅಂತ ರೇಟ್ ಕೇಳಿ, ದೋಣಿ, ಊಟ, ಟೋಲ್ ಎಲ್ಲ ಅದರಲ್ಲೇ ಇದೆ ಅಂತ ಬರೆಸಿಕೊಳ್ಳಿ. ನಮ್ಮ ಪರಿಚಯದವರಿಗೆ ಒಂದು ಏಜೆನ್ಸಿ ಅಲ್ಲಿ ಹೋದ ಮೇಲೆ ಸಣ್ಣ ದೋಣಿಗೆ ಬೇರೆ ದುಡ್ಡು ಅಂದಿತಂತೆ.

ಬಾಳೆಲೆ ಅಕ್ಕ:

ದೋಣಿ ವಿಷಯ ನಾನು ಹೇಳ್ತೀನಿ, ನನ್ನ ಅಮ್ಮನಿಗೂ ಮಂಡಿಯದ್ದೇ ಸಮಸ್ಯೆ ಇತ್ತು.

ಎರಡು ಥರದ ದೋಣಿ ಇರುತ್ತದೆ. ಮಿ ಥೊ ದಡದಿಂದ ಹೊರಡೋದು ಮೋಟಾರ್ ದೋಣಿ. ಮೇಲೆ ನೆರಳು, ಕೂರಲು ಕುರ್ಚಿ, ಆರಾಮ. ಇಳಿಯುವ ಕಟ್ಟೆ ಎತ್ತರ ತಗ್ಗು ಇರುತ್ತದೆ, ಯಾಕಂದರೆ ಅಲ್ಲಿಯ ನೀರು ಸಮುದ್ರದ ಉಬ್ಬರ ಇಳಿತಕ್ಕೆ ಏರಿ ಇಳಿಯುತ್ತದೆ. ಆದರೂ ಇಬ್ಬರು ಕೈ ಹಿಡಿದರೆ ಆಗುತ್ತದೆ. ಎರಡನೆಯದು ಥೊಯ್ ಸನ್ ದ್ವೀಪದ ಕಡೆ ಸಣ್ಣ ತೋಡುಗಳಲ್ಲಿ ಹುಟ್ಟು ಹಾಕುವ ಸಂಪಾನ್. ಅದೇ ಫೋಟೊದಲ್ಲಿ ಎಲ್ಲರೂ ನೋಡೋದು. ಕಿರಿದಾದ ಮರದ ದೋಣಿ, ನೀರಿಗೆ ಒಂದು ಗೇಣು ಮೇಲೆ ಅಂಚು, ಕಾಲಿಟ್ಟ ತಕ್ಷಣ ಅಲ್ಲಾಡುತ್ತದೆ, ಕೂರೋದು ತಗ್ಗಿನ ಹಲಗೆ ಮೇಲೆ. ಮುಂದೊಬ್ಬರು ಹಿಂದೊಬ್ಬರು ಹುಟ್ಟು ಹಾಕ್ತಾರೆ, ಜಾಸ್ತಿ ಹೆಂಗಸರೇ. ಎರಡೂ ಕಡೆ ನೀಪಾ ತಾಳೆಯ ಗರಿಗಳು ಬಾಗಿ ತಲೆ ಮೇಲೆ ಸೇರಿಕೊಂಡಿರುತ್ತವೆ, ಬಿಸಿಲೇ ಬೀಳಲ್ಲ. ಕೆಸರಿನ ದಡದಲ್ಲಿ ಸಣ್ಣ ಸಣ್ಣ ಮೀನು ಕಾಲಿದ್ದ ಹಾಗೆ ಜಿಗಿಯುತ್ತಾ ಹೋಗುತ್ತವೆ, ಮಕ್ಕಳಿಗೆ ಅದೇ ಖುಷಿ.

ನಿಮ್ಮ ಅಮ್ಮನಿಗೆ ಇಳಿದು ಕೂರೋದಕ್ಕಿಂತ ಎದ್ದು ನಿಲ್ಲೋದೇ ಕಷ್ಟ ಆಗೋದು. ಬೇಡ ಅನಿಸಿದರೆ ಅವರು ಜೇನಿನ ಚಹಾ ಕೊಡುವ ತೋಟದಲ್ಲಿ ಕೂತಿರಲಿ, ನೀವ್ಯಾರಾದರೂ ಒಬ್ಬರು ಜೊತೆಗಿರಿ. ಪ್ರೈವೇಟ್ ಆದರೆ ಇದೆಲ್ಲ ಗೈಡ್‌ಗೆ ಹೇಳಿದರೆ ಸಾಕು.

ಮಿ ಥೊ ಎದುರಿನ ದಡದ ಬೆನ್ ತ್ರೆ ಕಡೆ ತೆಂಗಿನ ಮಿಠಾಯಿ ಮಾಡೋದನ್ನ ನೋಡದೆ ಬಿಡಬೇಡಿ. ತೆಂಗಿನ ತುರಿ ಹಿಂಡಿ ಹಾಲು ತೆಗೆದು, ಸಕ್ಕರೆ ಮತ್ತು ಮಾಲ್ಟ್ ಹಾಕಿ ದೊಡ್ಡ ಬಾಣಲೆಯಲ್ಲಿ ಮಗುಚುತ್ತಾ ಇರುತ್ತಾರೆ. ಗಟ್ಟಿಯಾದ ಮೇಲೆ ಮರದ ಅಚ್ಚಿಗೆ ಉದ್ದಕ್ಕೆ ಒತ್ತಿ, ಚಾಕುವಿನಿಂದ ಟಕ ಟಕ ಅಂತ ತುಂಡು ಮಾಡಿ, ತಿನ್ನುವ ಅಕ್ಕಿ ಹಾಳೆಯಲ್ಲಿ ಸುತ್ತುತ್ತಾರೆ. ಆ ಹಾಳೆ ಬಿಚ್ಚಬೇಡಿ, ಬಾಯಲ್ಲೇ ಕರಗುತ್ತದೆ. ಬಿಸಿ ಇರುವಾಗಲೇ ಒಂದು ತುಂಡು ಕೈಗೆ ಕೊಡುತ್ತಾರೆ, ಹಲ್ಲು ಕಟ್ಟಿಸಿಕೊಂಡವರು ಹುಷಾರು.

ಊಟ: ಅಲ್ಲಿ ಸಸ್ಯಾಹಾರಕ್ಕೆ ಆನ್ ಚಾಯ್ ಅಂತಾರೆ. ಬೌದ್ಧರು ಹುಣ್ಣಿಮೆ ಅಮಾವಾಸ್ಯೆಗೆ ಮಾಂಸ ಬಿಡುವ ರೂಢಿ ಇರುವುದರಿಂದ ಅಡುಗೆಯವರಿಗೆ ಅರ್ಥವಾಗುತ್ತದೆ. ಆದರೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕಿಬಿಡುತ್ತಾರೆ, ಅದನ್ನು ಬಿಡಿಸಿ ಹೇಳಬೇಕು. ಬುಕ್ ಮಾಡುವಾಗಲೇ ಹೇಳಿಬಿಡಿ. ಅನ್ನ, ತೋಫು, ಬಾಳೆ, ಹಲಸು, ಚಕೋತ ಎಲ್ಲ ಸಿಗುತ್ತದೆ. ನೀವು ತಿನ್ನೋರಾದರೆ ಆನೆಕಿವಿ ಮೀನು ಕೇಳಿ, ಇಡೀ ಮೀನು ಗರಿಗರಿ ಕರಿದು ನಿಲ್ಲಿಸಿ ತಂದಿಡುತ್ತಾರೆ.

ಶುಂಠಿಕೊಪ್ಪ ಬೆಳೆಗಾರ:

ರೋಬಸ್ಟಾ ಕೊಯ್ಲು ಅಂದಿರಲ್ಲ, ಅಪ್ಪನವರು ಬೆಳೆಗಾರರು ಅಂದುಕೊಂಡು ಎರಡು ಮಾತು. ಒಂದು, ಡೆಲ್ಟಾದಲ್ಲಿ ಕಾಫಿ ಗಿಡ ಹುಡುಕಬೇಡಿ. ವಿಯೆಟ್ನಾಂ ರೋಬಸ್ಟಾದಲ್ಲಿ ಪ್ರಪಂಚಕ್ಕೇ ಮೊದಲು, ನಿಜ, ಆದರೆ ಅದೆಲ್ಲ ಬೆಳೆಯೋದು ಮಧ್ಯದ ಗುಡ್ಡಗಾಡಿನಲ್ಲಿ, ಬುವಾನ್ ಮಾ ಥುವಾಟ್ ಕಡೆ. ಡೆಲ್ಟಾ ಪೂರಾ ಭತ್ತ, ತೆಂಗು, ಹಣ್ಣು, ಮೀನು. ಕಾಳುಮೆಣಸು ಬೇಕಾದರೆ ಫು ಮಿ ಬಂದರಿನ ಆಸುಪಾಸಿನ ಪ್ರದೇಶದಲ್ಲೇ ಬೆಳೆಯುತ್ತಾರೆ. ಹಾಗಾಗಿ ಹಡಗು ತಡವಾಗಿ ಬಂತು, ಡೆಲ್ಟಾಗೆ ಹೋಗಿ ಬರಲು ಆಗಲ್ಲ ಅಂತಾದರೆ, ಹತ್ತಿರದ ಮೆಣಸಿನ ತೋಟಕ್ಕೆ ಕರೆದುಕೊಂಡು ಹೋಗಿ ಅಂತ ಗೈಡ್ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ನಾವು ಸಿಲ್ವರ್ ಓಕ್‌ಗೆ ಬಳ್ಳಿ ಹಬ್ಬಿಸುತ್ತೇವೆ, ಅವರು ಸಾಲಾಗಿ ಕಂಬ ನೆಟ್ಟು ಮೆಣಸನ್ನೇ ಮುಖ್ಯ ಬೆಳೆಯಾಗಿ ಮಾಡುತ್ತಾರೆ. ವಿಯೆಟ್ನಾಂ ಮೆಣಸು ಬಂದು ನಮ್ಮ ರೇಟ್ ಬಿತ್ತು ಅಂತ ಎಷ್ಟು ವರ್ಷದಿಂದ ಮಾತಾಡುತ್ತಿದ್ದೇವೆ, ಆ ರೈತ ಹೇಗೆ ಬೆಳೆಯುತ್ತಾನೆ ಅಂತ ಕಣ್ಣಾರೆ ನೋಡಿದರೆ ಅಪ್ಪನವರಿಗೆ ತುಂಬಾ ಉಪಯೋಗ.

ಎರಡು, ಮಿ ಥೊದಲ್ಲಿ ಸಮುದ್ರ ಕಾಣಲ್ಲ, ಇದನ್ನು ಅಪ್ಪನಿಗೆ ಮೊದಲೇ ಹೇಳಿ. ಅಲ್ಲಿ ಕಾಣೋದು ಮೆಕಾಂಗ್‌ನ ಕವಲುಗಳಲ್ಲಿ ಒಂದು. ಅದೇ ಎಷ್ಟು ಅಗಲ ಅಂದರೆ ಆಚೆ ದಡದ ಮನುಷ್ಯ ಕಾಣಲ್ಲ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ 4,000 ಕಿಲೋಮೀಟರ್‌ಗೂ ಜಾಸ್ತಿ ಹರಿದು, ಆರು ದೇಶ ಮುಟ್ಟಿಕೊಂಡು ಬಂದ ನೀರು ಅದು. ನಮ್ಮ ಕಾವೇರಿ ಹುಟ್ಟಿದಲ್ಲಿಂದ ಸಮುದ್ರಕ್ಕೆ 800 ಕಿಲೋಮೀಟರ್ ಅಷ್ಟೆ. ಬಣ್ಣ ಪೂರಾ ಮಣ್ಣಿನದು. ಆ ಮಣ್ಣೇ ಡೆಲ್ಟಾ ಕಟ್ಟಿದ್ದು.

ಈಗ ಆ ಮಣ್ಣು ಕಡಿಮೆಯಾಗಿದೆ. ಮೇಲಿನ ದೇಶಗಳಲ್ಲಿ ಅಣೆಕಟ್ಟುಗಳು ಹೂಳನ್ನು ಹಿಡಿದಿಟ್ಟುಕೊಂಡಿವೆ, ಕೆಳಗೆ ಮರಳು ಎತ್ತುತ್ತಾರೆ, ದಡ ಕುಸಿಯುತ್ತದೆ. ಬೇಸಿಗೆಯಲ್ಲಿ ನದಿ ನೀರು ಕಡಿಮೆಯಾದಾಗ ಸಮುದ್ರದ ಉಪ್ಪು ನೀರು ಹಿಂದಕ್ಕೆ ನುಗ್ಗುತ್ತದೆ. 2016ರಲ್ಲೂ 2020ರಲ್ಲೂ ಬೆನ್ ತ್ರೆ ಕಡೆ ತುಂಬಾ ಒಳಗೆ ಬಂದು ಭತ್ತ, ಹಣ್ಣಿನ ತೋಟ ಹಾಳಾದವು, ಕುಡಿಯಲು ನೀರಿಲ್ಲದೆ ಜನ ಒದ್ದಾಡಿದರು. ಮಳೆಗಾಲದ ನೀರನ್ನು ಮನೆ ಮುಂದೆ ದೊಡ್ಡ ಹಂಡೆಗಳಲ್ಲಿ ತುಂಬಿಡುತ್ತಾರೆ, ನೋಡಿದರೆ ಗೈಡ್ ಹತ್ತಿರ ಕೇಳಿ. ಎಲ್ಲ ಗೈಡ್‌ಗಳೂ ಮಿಠಾಯಿ ಅಂಗಡಿ ತೋರಿಸುತ್ತಾರೆ, ಇದನ್ನು ನಾವು ಕೇಳಿದರೆ ಮಾತ್ರ ಹೇಳುತ್ತಾರೆ. ನದಿಯ ಬುಡದಲ್ಲಿ ಕೂತಿರುವ ನಮಗೆ ತುದಿಯವರ ಕಷ್ಟ ಗೊತ್ತಿರಬೇಕು ಅಲ್ವಾ.

ತೋಟದಮನೆ, ಸಿದ್ದಾಪುರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಸಮುದ್ರ ಕಾಣದಿದ್ದರೂ ಪರವಾಗಿಲ್ಲ, ಉಬ್ಬರ ಇಳಿತ ನದಿಯಲ್ಲಿ ಕಾಣುತ್ತಲ್ಲ ಅದೇ ಸಾಕು ಅಂದರು. ಮೆಣಸಿನ ತೋಟ ಅಂದ ತಕ್ಷಣ ಎದ್ದು ಕೂತರು, ಈಗ ಅದೂ ಬೇಕಂತೆ.

ಪ್ರೈವೇಟೇ ಮಾಡುತ್ತೇವೆ. ಮಿ ಥೊ, ದೊಡ್ಡ ದೋಣಿ, ಸಂಪಾನ್‌ಗೆ ಅಪ್ಪ, ಮಗ, ಯಜಮಾನರು. ನಾನು ಅಮ್ಮನ ಜೊತೆ ಇರ್ತೀನಿ. ಎರಡು ಗಂಟೆಗೆ ವಾಪಸ್ ಹೊರಡೋದು ಅಂತ ಏಜೆನ್ಸಿಗೆ ಬರೆದು ಕಳಿಸಿದ್ದೇನೆ, ಮುಂಗಡದ ಬಗ್ಗೆ ಉತ್ತರ ಇನ್ನೂ ಬಂದಿಲ್ಲ, ಬರದಿದ್ದರೆ ಬೇರೆಯವರನ್ನು ನೋಡುತ್ತೇನೆ. ಕೊನೇ ಪ್ರಶ್ನೆ: ಸಮಯ ಉಳಿದರೆ ಅಮ್ಮನಿಗೆ ನೋಡಲು ದೇವಸ್ಥಾನ ಏನಾದರೂ ದಾರಿಯಲ್ಲಿದೆಯಾ?

ಬಾಳೆಲೆ ಅಕ್ಕ:

ಮಿ ಥೊದಲ್ಲೇ ವಿನ್ ತ್ರಾಂಗ್ ಬೌದ್ಧ ದೇವಸ್ಥಾನ ಇದೆ. ತೋಟದ ಮಧ್ಯೆ ದೊಡ್ಡ ದೊಡ್ಡ ಬಿಳಿ ಬುದ್ಧನ ಮೂರ್ತಿಗಳು, ವ್ಯಾನ್ ಹತ್ತಿರದವರೆಗೂ ಹೋಗುತ್ತದೆ, ಜಾಸ್ತಿ ಮೆಟ್ಟಿಲು ಹತ್ತಬೇಕಾಗಿಲ್ಲ. ಮೊದಲು ದೋಣಿ ಮುಗಿಸಿ, ಆಮೇಲೆ ಇಪ್ಪತ್ತು ನಿಮಿಷ ಅಲ್ಲಿ. ಬೆಳಿಗ್ಗೆ ಹಡಗು ಬಂದರಿಗೆ ಬರುವ ಮೊದಲು ಬೇಗ ಎದ್ದು ಎಲ್ಲರೂ ಡೆಕ್ ಮೇಲೆ ಹೋಗಿ, ಒಳಗೆ ಬರುವ ದಾರಿಯಲ್ಲಿ ಕಾನ್ ಜೊ ಕಡೆಯ ಮ್ಯಾಂಗ್ರೋವ್ ಕಾಡು ಕಾಣುತ್ತದೆ. ಸಮುದ್ರದಿಂದ ಹಡಗು ನದಿಗೆ ನುಗ್ಗೋದು ಅಲ್ಲೇ, ಅಪ್ಪನವರು ಕೇಳಿದ ಥರದ ಜಾಗವೇ ಅದು, ನದಿ ಮಾತ್ರ ಬೇರೆ.