38 ಆಳುಗಳಿಗೂ ಒಂದೇ ಮೊಬೈಲ್ ನಂಬರ್: 2147483647!

ತೋಟದ ರೈಟರ್, ಮೂಡಿಗೆರೆ:
ಇಲ್ಲೇ ಹತ್ತಿರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ನಾನು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಪುಸ್ತಕ, ಕಂಪ್ಯೂಟರಿಗೆ ಹಾಕಿ ಅಂದರು ಸಾಹುಕಾರರು. ಪರಿಚಯದ ಹುಡುಗನೊಬ್ಬ ಪ್ರೋಗ್ರಾಂ ಮಾಡಿಕೊಟ್ಟ. ಎರಡು ರಾತ್ರಿ ಕೂತು 38 ಜನರ ಹೆಸರು, ಮೊಬೈಲ್ ನಂಬರ್ ಹೊಡೆದೆ. ಶನಿವಾರ ಬಟವಾಡೆ ಮೆಸೇಜ್ ಕಳಿಸೋಣ ಅಂತ ತೆಗೆದರೆ ಎಲ್ಲರ ಮುಂದೆಯೂ 2147483647! ನಂಬರ್ ಬರೆದುಕೊಂಡಿದ್ದ ಚೀಟಿ ಮಳೆಗೆ ನೆಂದು ಮುದ್ದೆಯಾಗಿದೆ.

ಪಿಯುಸಿ ಓದುವ ಮಗ ನೋಡಿ, "ಅಪ್ಪ, ಇದು ಅವಿಭಾಜ್ಯ ಸಂಖ್ಯೆ" ಅಂದ. ನಾನು ನಂಬಲಿಲ್ಲ. ಕ್ಯಾಲ್ಕುಲೇಟರ್ ಹಿಡಿದು 3, 7, 11, 13 ಅಂತ 97ರವರೆಗೂ ಭಾಗಿಸಿದೆ. ಒಂದೂ ಹೋಗಲಿಲ್ಲ. ಇಷ್ಟು ದೊಡ್ಡ ಸಂಖ್ಯೆಯನ್ನ ಅವಿಭಾಜ್ಯ ಅಂತ ಹೇಳೋದು ಹೇಗೆ? ನನ್ನ ನಂಬರುಗಳು ವಾಪಸ್ ಬರ್ತವಾ?

ಸಾಫ್ಟ್‌ವೇರ್ ಕೆಲಸದವ, ಹಾಸನ:
ಬರಲ್ಲ ಸಾರ್. ನಿಮ್ಮ ನಂಬರ್ ಕಾಲಂ 32 ಬಿಟ್ ಪೂರ್ಣಾಂಕದ್ದು, ಅಂದರೆ 0 ಅಥವಾ 1 ಬರೆಯುವ 32 ಮನೆ. ಅದರಲ್ಲಿ ಒಂದು ಬಿಟ್ ಪ್ಲಸ್-ಮೈನಸ್‌ಗೆ ಹೋಗುತ್ತೆ. ಉಳಿದ 31ರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ ಇದು. ನಮ್ಮ ಮೊಬೈಲ್ ನಂಬರ್ ಶುರುವಾಗೋದೇ 6, 7, 8, 9ರಿಂದ. ಒಂದೂ ಹಿಡಿಸಲ್ಲ, ಎಲ್ಲವನ್ನೂ ಕತ್ತರಿಸಿ ಇದೇ ಬರೆದಿದೆ. ಆ ಕಾಲಂ ಅಕ್ಷರದ್ದು ಮಾಡಿಸಿ. ಫೋನ್ ನಂಬರನ್ನ ಯಾರೂ ಕೂಡಿ ಕಳೆಯಲ್ಲ ಅಲ್ವಾ?

ನಿವೃತ್ತ ಲೆಕ್ಕದ ಮೇಷ್ಟ್ರು, ಚಿಕ್ಕಮಗಳೂರು:
ಹುಡುಗ ಹೇಳಿದ್ದು ಸರಿ. 31 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಸಿಗುವ ಸಂಖ್ಯೆ ಇದು. ಅವಿಭಾಜ್ಯ ಅಂತ 1772ರಲ್ಲಿ ತೋರಿಸಿದವರು ಗಣಿತಜ್ಞ ಆಯ್ಲರ್. ಆ ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚು ಕಡಿಮೆ ಹೋಗೇಬಿಟ್ಟಿತ್ತು!

ಇದರ ವರ್ಗಮೂಲ 46340 ಚಿಲ್ಲರೆ. ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಚಿಕ್ಕದು ಅದರೊಳಗೇ ಇರಬೇಕು, ಹಾಗಾಗಿ ಅಲ್ಲಿಯವರೆಗೆ ನೋಡಿದರೆ ಸಾಕು. ಆದರೂ ಅಷ್ಟರೊಳಗೆ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಜಾಸ್ತಿ. ಅದಕ್ಕೊಂದು ಒಳದಾರಿ ಇದೆ. ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇದ್ದರೂ, ಅದರಲ್ಲಿ ಒಂದು ಕಳೆದರೆ 62ರ ಮಗ್ಗಿಯಲ್ಲಿ ಬರಲೇಬೇಕು. 62 ಅಂದರೆ 31ರ ಎರಡರಷ್ಟು. ಚಿಕ್ಕದರಲ್ಲಿ ನೋಡಿ: 11 ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದರೆ 2047. ಅದು 23 × 89. ಒಂದೊಂದು ಕಳೆಯಿರಿ, 22 ಮತ್ತು 88. ಎರಡೂ 22ರ ಮಗ್ಗಿಯವೇ.

ಹಾಗಾಗಿ ನೀವು 97ರವರೆಗೆ ಪಟ್ಟ ಪಾಡೆಲ್ಲ ದಂಡ, ಬೇಜಾರಾಗಬೇಡಿ. 62ರ ಮಗ್ಗಿಗೆ ಒಂದೊಂದು ಕೂಡಿಸಿದರೆ ಬರುವ 63, 125, 187, 249 ಅವಿಭಾಜ್ಯಗಳೇ ಅಲ್ಲ. ಮೊದಲು ನೋಡಬೇಕಾದ್ದು 311. ಇನ್ನೊಂದು ಜರಡಿಯೂ ಇದೆ: 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರುವವು ಮಾತ್ರ ಸಾಕು. ಕೊನೆಗೆ ಉಳಿಯೋದು ಸುಮಾರು 370 ಸಂಖ್ಯೆ. ಒಂದೂ ಭಾಗಿಸಲ್ಲ.

ತೋಟದ ರೈಟರ್, ಮೂಡಿಗೆರೆ:
ಮೇಷ್ಟ್ರೇ, ಕರೆಂಟ್ ಇರಲಿಲ್ಲ. ಹಳೇ ಚೆಕ್‌ರೋಲ್ ಹಿಂದುಗಡೆ ಕೈಯಲ್ಲೇ 311ರಿಂದ ಭಾಗಿಸಿದೆ. 6905092 ಸಲ ಹೋಗಿ 35 ಉಳಿಯಿತು. ಮಗ ಮುಂದಿನವನ್ನ ನೋಡ್ತಾ ಇದ್ದಾನೆ. ನಾನು ಮತ್ತೆ ಆಳುಗಳ ಲೈನ್ ಮನೆ ಸುತ್ತುತ್ತಿದ್ದೇನೆ. 27 ನಂಬರ್ ಸಿಕ್ಕಿದೆ. ಉಳಿದವರು "ಮೊದಲೇ ಕೊಟ್ಟಿದ್ನಲ್ಲ ರೈಟರೇ" ಅಂತ ಮುಖ ನೋಡ್ತಾರೆ.